ಅಪ್ಪನ ಡಿಸ್ಕವರಿ ಚಾನೆಲ್

ನಮ್ಮನೆಗೆ ಕೇಬಲ್ ಬಂದಾಗ ನಾನು ಆರನೇ ಕ್ಲಾಸು. ಊರು ಹೆಗ್ಗಡದೇವನಕೋಟೆ ಕಡೆ, ಕಬಿನಿ ಹಿನ್ನೀರಿಗೆ ತುಂಬಾ ದೂರ ಏನಿಲ್ಲ, ರಾತ್ರಿ ಹೊತ್ತು ಕಾಡಂಚಿನ ಹೊಲಗಳಿಂದ ಪಟಾಕಿ ಸದ್ದು ಕೇಳಿದ್ರೆ ಯಾವ ಹಬ್ಬ ಅಂತ ಯಾರೂ ಕೇಳಲ್ಲ, ಆನೆ ಬಂದಿದೆ ಅಂತಲೇ ಅರ್ಥ. ಡಿಸ್ಕವರಿ ಚಾನೆಲ್ ಇಂಡಿಯಾಗೆ ಬಂದಿದ್ದು 1995ರಲ್ಲಿ, ನಮ್ಮನೆ ತನಕ ಬರೋಕೆ ಇನ್ನೂ ಸುಮಾರು ವರ್ಷ ಹಿಡೀತು. ಅವ್ವನಿಗೆ ಸೀರಿಯಲ್, ನನಗೆ ಕ್ರಿಕೆಟ್, ಅಪ್ಪನಿಗೆ ಎರಡೂ ಬೇಡ. ಅಪ್ಪ ಒಂದಿನ ಚಾನೆಲ್ ತಿರುಗಿಸ್ತಾ ತಿರುಗಿಸ್ತಾ ಡಿಸ್ಕವರಿ ಹತ್ರ ನಿಂತ್ರು, ಆವತ್ತಿಂದ ರಾತ್ರಿ ಒಂಬತ್ತರ ಮೇಲೆ ರಿಮೋಟ್ ಅವರದ್ದೇ.

ತಮಾಷೆ ಏನಂದ್ರೆ ಅಪ್ಪನಿಗೆ ಇಂಗ್ಲಿಷ್ ಬರಲ್ಲ. ಹಿಂದಿನೂ ಬರಲ್ಲ. ತಮಿಳು ಒಂಚೂರು ಅರ್ಥ ಆಗುತ್ತೆ ಆದ್ರೆ ಆ ಸ್ಪೀಡಿಗೆ ಆಗಲ್ಲ. ಹಂಗಾಗಿ ಅವರು ಸೌಂಡ್ ಪೂರ್ತಿ ತೆಗೆದುಬಿಟ್ಟು ತಾವೇ ಹೇಳೋಕೆ ಶುರು ಮಾಡ್ತಿದ್ರು. "ಅಗೋ ನೋಡ್ಲಾ, ಗಾಳಿ ತಿರುಗ್ತು. ಆ ಮುದಿ ಹೆಣ್ಣಾನೆ ವಾಸ್ನೆ ಹಿಡಿತಾ ಅದೆ, ಇನ್ನ ಮುಂದಕ್ಕೆ ಬರಾಕಿಲ್ಲ, ಮರೀನ ಹೊಟ್ಟೆ ಕೆಳಿಕ್ಕೆ ಹಾಕ್ಕತದೆ ನೋಡು." ಹಾಗೇ ಆಗ್ತಿತ್ತು. ಆಫ್ರಿಕಾದ ಪ್ರಾಣಿಗಳ ಹೆಸರು ಗೊತ್ತಿಲ್ಲ, ಅದಕ್ಕೇನಂತೆ, ವೈಲ್ಡ್‌ಬೀಸ್ಟ್ ನಮ್ಮನೇಲಿ ಇವತ್ತಿಗೂ ಗಡ್ಡದ ದನ. ಮೊಸಳೆ ಇರೋ ನದಿಗೆ ಸಾವಿರಾರು ಗಡ್ಡದ ದನ ಬೀಳ್ತಾ ಇದ್ರೆ ಅಪ್ಪ ಟೀವಿ ಮುಂದೆ ಎದ್ದು ನಿಂತು "ಅಲ್ಲಿ ಬ್ಯಾಡ ಕಣೇ, ದಡ ಕಡಿದಾಗದೆ, ಆ ಕಡೆ ಹೋಗು" ಅಂತ ದನಕ್ಕೇ ಹೇಳ್ತಿದ್ರು. ಪ್ರಾಣಿಗಳ ಬಗ್ಗೆ ಪ್ರೋಗ್ರಾಂ ಮಾಡೋ ಇಂಗ್ಲೆಂಡಿನ ಡೇವಿಡ್ ಅಟೆನ್‌ಬರೋ ಬಂದ್ರೆ "ಆ ಮುದುಕಪ್ಪ ಬಂದ". ಅವರು 1926ರಲ್ಲಿ ಹುಟ್ಟಿದವರು ಅಂತ ಆಮೇಲೆ ನಾನು ಹೇಳಿದಾಗ ಅಪ್ಪ ನಂಬಲಿಲ್ಲ, ಇಷ್ಟು ವಯಸ್ಸಾದೋರು ಕಾಡು ಸುತ್ತೋದುಂಟಾ ಅಂತ.

ಒಂದು ರಾತ್ರಿ ಚೆನ್ನಾಗಿ ನೆನಪಿದೆ, ಆಗ ನಾನು ಮೈಸೂರಲ್ಲಿ ಪಿಯುಸಿ, ರಜಕ್ಕೆ ಬಂದಿದ್ದೆ, ಇಂಗ್ಲಿಷ್ ಬರುತ್ತೆ ಅಂತ ಸ್ವಲ್ಪ ಜಂಬ ಬೇರೆ. ಆನೆಗಳ ಮಾತಿನ ಬಗ್ಗೆ ಪ್ರೋಗ್ರಾಂ. ಕೇಟಿ ಪೇನ್ ಅಂತ ಒಬ್ಬ ವಿಜ್ಞಾನಿ, ಅದಕ್ಕೂ ಮುಂಚೆ ತಿಮಿಂಗಿಲದ ಹಾಡಿನ ಮೇಲೆ ಕೆಲಸ ಮಾಡಿದ್ದೋರು, 1984ರಲ್ಲಿ ಅಮೆರಿಕಾದ ಪೋರ್ಟ್‌ಲ್ಯಾಂಡ್ ಝೂನಲ್ಲಿ ಆನೆಗಳ ಪಕ್ಕ ಕೂತಿದ್ದಾಗ ಕಿವಿಗೆ ಏನೂ ಕೇಳಿಸದೇ ಇದ್ರೂ ಗಾಳಿನೇ ನಡುಗಿದಂಗೆ ಅನಿಸ್ತಂತೆ. ಚಿಕ್ಕವರಿದ್ದಾಗ ಚರ್ಚಲ್ಲಿ ದೊಡ್ಡ ಆರ್ಗನ್ ಪಕ್ಕ ನಿಂತಾಗ ಹಿಂಗೇ ಆಗ್ತಿತ್ತಲ್ಲ ಅಂತ ನೆನಪಾಗಿ ರೆಕಾರ್ಡರ್ ತಂದು ನೋಡಿದ್ರೆ, ಆನೆಗಳು ನಮ್ಮ ಕಿವಿಗೆ ಎಟುಕದಷ್ಟು ಕೆಳಗಿನ ದನೀಲಿ ಮಾತಾಡ್ತಾ ಇವೆ! ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಝ್‌ಗಿಂತ ಕೆಳಗಿನ ಸದ್ದು ಕೇಳಲ್ಲ, ಆದ್ರೆ ಅಂಥ ಸದ್ದು ಗಾಳೀಲಿ ಕಿಲೋಮೀಟರ್‌ಗಟ್ಲೆ ಹೋಗುತ್ತೆ. ನಾನು ಇದನ್ನೆಲ್ಲ ಬಹಳ ಉತ್ಸಾಹದಲ್ಲಿ ಅಪ್ಪನಿಗೆ ಬಿಡಿಸಿ ಹೇಳಿದೆ.

ಅಪ್ಪ ಪೂರ್ತಿ ಕೇಳಿ, "ಅಟ್ಟಣೆ ಮ್ಯಾಲೆ ಮಲಗಿದ್ರೆ ಎದೆ ಒಳಗೆ ಗುಂಯ್ ಅಂತದಲ್ಲ, ಅದಾ?" ಅಂದ್ರು.

ರಾಗಿ ಕಾಯೋಕೆ ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಮಲಗೋರಿಗೆ, ಆನೆ ಕಾಣೋಕೆ ಮುಂಚೆ, ಸೊಪ್ಪು ಮುರಿಯೋ ಸದ್ದಿಗೂ ಮುಂಚೆ, ಎದೆಗೂಡಲ್ಲಿ ಏನೋ ಒಂಥರ ಆಗುತ್ತಂತೆ. ನಮ್ಮ ತಾತನೂ ಹೇಳ್ತಿದ್ರಂತೆ. ಅಪ್ಪ ಭಯಕ್ಕೆ ಹಂಗಾಗುತ್ತೆ ಅಂದ್ಕೊಂಡಿದ್ರು. ಭಯನೂ ಇರಬಹುದು, ನಾನೇನು ಅಳತೆ ಮಾಡಿಲ್ಲ, ಆದ್ರೆ ಆವತ್ತು ನನ್ನ ಜಂಬ ಸ್ವಲ್ಪ ಇಳೀತು.

ಸೌಂಡ್ ವಿಷಯಕ್ಕೆ ಬಂದ್ರೆ ಇನ್ನೊಂದು. ಅಪ್ಪ ಅಪರೂಪಕ್ಕೆ ಸೌಂಡ್ ಇಟ್ಟಾಗ ಹುಲಿ ಒಣಗಿದ ಎಲೆ ಮೇಲೆ ಚರ್ರ್ ಚರ್ರ್ ಅಂತ ನಡ್ಕೊಂಡು ಬರ್ತಿತ್ತು. "ಸುಳ್ಳು" ಅಂದ್ರು. "ಹುಲಿ ಹೆಜ್ಜೆ ಸದ್ದಾಗೋ ಹಂಗಿದ್ರೆ ಅದು ಉಪವಾಸ ಸಾಯ್ತಿತ್ತು. ಅಷ್ಟು ದೂರ್‌ದಿಂದ ಹಿಡ್ದವ್ರೆ, ಕ್ಯಾಮ್ರಾಕ್ಕೆ ಸದ್ದು ಹೆಂಗ್ಲಾ ಕೇಳ್ತದೆ?" ನಾನು ವಾದ ಮಾಡ್ದೆ. ಎಷ್ಟೋ ವರ್ಷ ಆದಮೇಲೆ ಗೊತ್ತಾಯ್ತು ಅಪ್ಪ ಹೇಳಿದ್ದೇ ಸರಿ. ದೊಡ್ಡ ಲೆನ್ಸ್ ಹಾಕಿ ನೂರಾರು ಮೀಟರ್ ದೂರದಿಂದ ತೆಗೆದ ಶಾಟ್‌ಗೆ ಮೈಕ್ ಇಟ್ಟಿರೋಕೆ ಆಗಲ್ಲ, ಸುಮಾರು ಸದ್ದುಗಳನ್ನ ಆಮೇಲೆ ಸ್ಟುಡಿಯೋದಲ್ಲಿ ಮಾಡಿ ಸೇರಿಸ್ತಾರೆ, ಅದಕ್ಕೆ ಫೋಲಿ ಅಂತಾರೆ. ಮೂಳೆ ಮುರಿಯೋ ಸದ್ದಿಗೆ ಸೆಲರಿ ದಂಟು ಮುರೀತಾರೆ, ಹಿಮದ ಮೇಲೆ ಕರಡಿ ನಡೆಯೋ ಸದ್ದಿಗೆ ಕಾಲುಚೀಲದಲ್ಲಿ ಕಸ್ಟರ್ಡ್ ಪೌಡರ್ ತುಂಬಿ ಹಿಸುಕ್ತಾರೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಕರಡಿ ಕಾಲಿಗೆ ಐಸ್‌ಕ್ರೀಂ ಪುಡಿನಾ" ಅಂತ ಒಂದು ವಾರ ನಕ್ಕಿದ್ದಾರೆ.

ಅಲ್ಲ, ಈ ಪ್ರೋಗ್ರಾಂಗಳೆಲ್ಲ ತಮಿಳು ತೆಲುಗಲ್ಲಿ ಬರ್ತಿದ್ದಾಗ ಕನ್ನಡದಲ್ಲಿ ಯಾಕೆ ಬರ್ತಿರಲಿಲ್ಲ ಅಂತ ನನಗೆ ಬಹಳ ಸಿಟ್ಟಿತ್ತು, ಈಗಲೂ ಇದೆ. ಡಬ್ಬಿಂಗ್ ಬೇಡ ಅನ್ನೋದು 60ರ ದಶಕದಿಂದ ನಡ್ಕೊಂಡು ಬಂದ ಮಾತು, ಕಾನೂನೇನೂ ಇರಲಿಲ್ಲ, ಆದ್ರೆ ಕಾನೂನಿಗಿಂತ ಗಟ್ಟಿ. ಆಗ ಅದಕ್ಕೆ ಕಾರಣ ಇತ್ತು, ನಮ್ಮ ಸಿನಿಮಾ ಕಲಾವಿದರ ಹೊಟ್ಟೆಪಾಡು, ಒಪ್ಕೋತೀನಿ. ಆದ್ರೆ 2012ರಲ್ಲಿ ಆಮೀರ್ ಖಾನ್ ಟೀವಿ ಪ್ರೋಗ್ರಾಂ ಸತ್ಯಮೇವ ಜಯತೆ ಅಷ್ಟೂ ಭಾಷೇಲಿ ಬಂದು ಕನ್ನಡದಲ್ಲಿ ಬರಲಿಲ್ಲ ಅಂದಾಗ ಯಾರ ಹೊಟ್ಟೆಪಾಡು ಉಳೀತು? ಕನ್ನಡ ಗ್ರಾಹಕರ ಕೂಟದವರು, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಮಾಡಿದ್ರೆ ವಿಚಾರಿಸೋ ಕಾಂಪಿಟಿಷನ್ ಕಮಿಷನ್‌ಗೆ ಹೋಗಿ, 2015ರಲ್ಲಿ ಹಿಂಗೆ ತಡೆಯೋದು ತಪ್ಪು ಅಂತ ಆರ್ಡರ್ ಬಂತು. ಅಷ್ಟೊತ್ತಿಗೆ ನಮ್ಮ ಒಂದಿಡೀ ತಲೆಮಾರು ಹುಲಿ ಸಿಂಹ ಗ್ರಹ ನಕ್ಷತ್ರ ಎಲ್ಲಾನೂ ಬೇರೆ ಭಾಷೇಲಿ ಕಲಿತು ಆಗಿತ್ತು. ಸಿನಿಮಾ ಬೇಕಾದ್ರೆ ಕನ್ನಡದಲ್ಲೇ ಇನ್ನೊಂದು ಮಾಡಬಹುದು ಸ್ವಾಮಿ, ಅಂಟಾರ್ಟಿಕಾನ ಕನ್ನಡದಲ್ಲಿ ರೀಮೇಕ್ ಮಾಡಕ್ಕಾಗುತ್ತಾ.

ಆಮೇಲೆ ಕನ್ನಡ ಬಂತು. ನಾನೇ ಊರಿಗೆ ಹೋಗಿ ಡಿಶ್ ಸೆಟ್ಟಿಂಗಲ್ಲಿ ಭಾಷೆ ಬದಲಾಯಿಸಿ ದೊಡ್ಡ ಉಪಕಾರ ಮಾಡಿದವನ ಥರ ಕೂತ್ಕೊಂಡೆ. ಯಾವ ಚಾನೆಲ್ ಅಂತ ಹೇಳಲ್ಲ. ಮೊದಲ ಹತ್ತು ನಿಮಿಷದಲ್ಲೇ ಹುಲಿ ಒಂದು ಸಾಂಬಾರನ್ನು ಹಿಂಬಾಲಿಸ್ತು. ಅಪ್ಪ ನನ್ನ ಮುಖ ನೋಡಿದ್ರು. ಅವ್ವ ಅಡಿಗೆಮನೆಯಿಂದ "ಯಾರಿಗೆ ಸಾಂಬಾರು?" ಅಂದ್ರು. ಕಡವೆ ಅನ್ನೋ ಪದ ನಮ್ಮೂರ ಮೂರು ವರ್ಷದ ಮಗೂಗೂ ಗೊತ್ತು. ಸೀಳುನಾಯಿಗೆ "ಕಾಡಿನ ಶ್ವಾನ", ಮುಸುವಕ್ಕೆ "ಲಂಗೂರ್ ವಾನರ", ಕಾಡುಕುರಿಗೆ "ಬೊಗಳುವ ಜಿಂಕೆ". ಕೇಳೋಕೆ ಕನ್ನಡವೇ, ಆದ್ರೆ ಕಾಡು ಕಂಡೋರ ಕನ್ನಡ ಅಲ್ಲ, ಎಲ್ಲೋ ಎಸಿ ರೂಮಲ್ಲಿ ಕೂತು ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡ ಬರೆದಂಗೆ. ಅಪ್ಪ ಮರ್ಯಾದೆಗೆ ಅರ್ಧ ಗಂಟೆ ಕೇಳಿದ್ರು. ಆಮೇಲೆ ನಿಧಾನಕ್ಕೆ ರಿಮೋಟ್ ತಗೊಂಡು ಮ್ಯೂಟ್ ಮಾಡಿದ್ರು.

ಕನ್ನಡದೋರು ಈ ಕೆಲಸ ಮಾಡೇ ಇಲ್ಲ ಅಂತಲ್ಲ. ಮೈಸೂರಿನ ವನ್ಯಜೀವಿ ಫೋಟೋಗ್ರಾಫರ್‌ಗಳು ಕೃಪಾಕರ-ಸೇನಾನಿ ಇದಾರಲ್ಲ, 1997ರಲ್ಲಿ ವೀರಪ್ಪನ್ ಹಿಡ್ಕೊಂಡು ಹೋಗಿ 14 ದಿನ ಕಾಡಲ್ಲಿ ಇಟ್ಕೊಂಡಿದ್ನಲ್ಲ, ಅವರೇ, ಸೀಳುನಾಯಿಗಳ ಹಿಂದೆ ವರ್ಷಾನುಗಟ್ಟಲೆ ಓಡಾಡಿ ಮಾಡಿದ ದಿ ಪ್ಯಾಕ್ ಅನ್ನೋ ಚಿತ್ರಕ್ಕೆ 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಚಿತ್ರೋತ್ಸವದಲ್ಲಿ ಪಾಂಡಾ ಪ್ರಶಸ್ತಿ ಬಂತು, ಗ್ರೀನ್ ಆಸ್ಕರ್ ಅಂತ ಪೇಪರಲ್ಲೆಲ್ಲ ಬರೆದಿದ್ರು. ಬ್ರಿಟಿಷರ ಕಾಲದಲ್ಲಿ ಸೀಳುನಾಯಿ ಕೊಂದ್ರೆ ಬಹುಮಾನ ಕೊಡ್ತಿದ್ರು, ಬದುಕಿರುವಾಗಲೇ ಹರಿದು ತಿನ್ನೋ ನೀಚ ಪ್ರಾಣಿ ಅಂತ ಹೆಸರು. ಇವರು ತೋರಿಸಿದ್ದು ಸಂಸಾರಸ್ಥ ನಾಯಿಗಳನ್ನ, ಬೇಟೆ ಮುಗಿಸಿ ಬಂದು ಗೂಡಲ್ಲಿರೋ ಮರಿಗೂ ಕಾವಲಿಗೆ ಕೂತವಕ್ಕೂ ಕಕ್ಕಿ ಊಟ ಕೊಡೋವನ್ನ, ಒಂದಕ್ಕೊಂದು ಶಿಳ್ಳೆ ಹೊಡೆದು ಕರೆಯೋವನ್ನ. ಅಪ್ಪನಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ, ಹಿನ್ನೀರಿಗೆ ಕಡವೆ ಇಳಿಸಿ ಸೀಳುನಾಯಿಗಳು ದಡದಲ್ಲಿ ಕಾಯೋದನ್ನ ಕಣ್ಣಾರೆ ನೋಡಿದ್ದಾರೆ, ಆದ್ರೂ ಮರಿಗಳನ್ನ ಅಷ್ಟು ಹತ್ರದಿಂದ ನೋಡಿದ್ದು ಅದೇ ಮೊದಲು, ಆವತ್ತು ಕಾಮೆಂಟರಿ ಇರಲಿಲ್ಲ, ಸುಮ್ಮನೆ ನೋಡಿದ್ರು.

ಸಾಹಸದ ಪ್ರೋಗ್ರಾಂ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಬೇರ್ ಗ್ರಿಲ್ಸ್ ಹುಳ ತಿನ್ನೋದು ನೋಡಿ ಅವ್ವ "ಪಾಪ ಯಾರಾದ್ರೂ ಅವನಿಗೆ ಒಂದು ಮುದ್ದೆ ಕೊಡ್ರಪ್ಪ" ಅಂದಿದ್ದು ನಮ್ಮನೆ ಜೋಕ್. ಕೆಲವು ರಾತ್ರಿ ಕಾಡಲ್ಲಲ್ಲ ಹೋಟೆಲಲ್ಲಿ ಮಲಗಿದ್ದ ಅಂತ 2007ರಲ್ಲಿ ಬ್ರಿಟನ್ನಲ್ಲಿ ದೊಡ್ಡ ಗಲಾಟೆ ಆಗಿತ್ತು. 2020ರಲ್ಲಿ ರಜನಿಕಾಂತ್ ಜೊತೆ ಬಂಡೀಪುರಕ್ಕೇ ಬಂದಿದ್ದ, ನಮ್ಮ ಕಡೆ ಹುಡುಗರಿಗೆಲ್ಲ ಅದೇ ಸುದ್ದಿ. ಅಪ್ಪನಿಗೆ ಮಾತ್ರ, ದಾರಿ ಇದ್ರೂ ದಾರಿ ಬಿಟ್ಟು ಯಾಕೆ ಹೋಗ್ತಾನೆ ಇವನು ಅನ್ನೋದೇ ಪ್ರಶ್ನೆ.

ಅದೇ ವರ್ಷ ಜೂನ್ 5ಕ್ಕೆ ವೈಲ್ಡ್ ಕರ್ನಾಟಕ ಡಿಸ್ಕವರೀಲಿ ಬಂತು. ಜನವರೀಲೇ ಥಿಯೇಟರಿಗೆ ಬಂದಿತ್ತು, ನಾನು ಬೆಂಗಳೂರಲ್ಲಿ ನೋಡಿದ್ದೆ, ಟಿಕೆಟ್ ತಗೊಂಡು ವನ್ಯಜೀವಿ ಸಿನಿಮಾ ನೋಡೋಕೆ ಜನ ಬಂದಿದ್ದೇ ನನಗೆ ಆಶ್ಚರ್ಯ. ಅಮೋಘವರ್ಷ, ಕಲ್ಯಾಣ್ ವರ್ಮ ಮಾಡಿದ್ದು, ಇಂಗ್ಲಿಷಲ್ಲಿ ನಮ್ಮ ಮುದುಕಪ್ಪನ ದನಿ, ಕನ್ನಡಕ್ಕೆ ರಿಷಬ್ ಶೆಟ್ಟಿ. (ಪ್ರಕಾಶ್ ರಾಜ್ ಕನ್ನಡದೋರಾಗಿ ತಮಿಳು ತೆಲುಗಿಗೆ ದನಿ ಕೊಟ್ರು, ಅದೊಂದು ಮಜಾ.) ಲಾಕ್‌ಡೌನಲ್ಲಿ ನಾನು ಊರಲ್ಲೇ ಇದ್ದೆ, ನಾಲ್ಕು ಜನನೂ ಕೂತು ನೋಡಿದ್ವಿ. ಹಾರೋ ಓತಿ ಬಂದಾಗ ನನಗೆ ಮೈ ಜುಂ ಅಂತು, ತೇಜಸ್ವಿಯವರ ಕರ್ವಾಲೋ ಕಾದಂಬರಿ ಓದಿದೋರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಅಪ್ಪ ಮ್ಯೂಟ್ ಮಾಡಲಿಲ್ಲ! ಕಾಳಿಂಗ ಬಂದಾಗ ಒಂದ್ಸಲ ರಿಮೋಟ್ ಕಡೆ ಕೈ ಹೋಯ್ತು, ನಾನು ಉಸಿರು ಬಿಗಿ ಹಿಡ್ಕೊಂಡೆ, ಸೌಂಡ್ ಜಾಸ್ತಿ ಮಾಡಿದ್ರು.

ಮುಗಿದ ಮೇಲೆ ಹೆಂಗಿತ್ತಪ್ಪ ಅಂದೆ. "ಚೆಂದಾಗದೆ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ ಕಣ್ಲಾ, ಇಷ್ಟು ಕಾಡು ತೋರಿಸಿದ್ರು, ನಾವೆಲ್ಲಿದ್ದೀವಿ ಇದ್ರಾಗೆ?"

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮನುಷ್ಯನನ್ನ ಫ್ರೇಮಿಂದ ಆಚೆ ಇಡೋದು ಈ ಥರದ ಚಿತ್ರಗಳ ಹಳೇ ಪದ್ಧತಿ, ಆಫ್ರಿಕಾ ಆದ್ರೂ ಅಷ್ಟೇ ಕಬಿನಿ ಆದ್ರೂ ಅಷ್ಟೇ, ದೂರದಲ್ಲಿ ಒಂದು ಕರೆಂಟ್ ಕಂಬ ಕಂಡ್ರೂ ಕ್ಯಾಮೆರಾ ಪಕ್ಕಕ್ಕೆ ತಿರುಗುತ್ತೆ. ಬೇಸಿಗೇಲಿ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ನೂರಾರು ಆನೆ ಬಂದು ಸೇರ್ತಾವಲ್ಲ, ಪ್ರಪಂಚದ ಫೋಟೋಗ್ರಾಫರ್‌ಗಳೆಲ್ಲ ಅದಕ್ಕೇ ಬರ್ತಾರೆ, ಆದ್ರೆ ಆ ನೀರು ನಿಂತಿರೋದು 1974ರಲ್ಲಿ ಮುಗಿದ ಅಣೆಕಟ್ಟಿಂದ, ಆ ನೀರಿನ ಕೆಳಗೆ ಊರುಗಳಿದ್ವು, ಕಾಡಿಂದ ಎಬ್ಬಿಸಿದ ಜೇನುಕುರುಬರ ಹಾಡಿಗಳು ಇವತ್ತಿಗೂ ಸುತ್ತ ಇವೆ. ಅದೆಲ್ಲ 52 ನಿಮಿಷದಲ್ಲಿ ಹಿಡಿಸಲ್ಲ ಅಂತ ನಾನು ಅಪ್ಪನಿಗೆ ಹೇಳಿದೆ. ಗಡ್ಡದ ದನಕ್ಕೆ ವಾರಗಟ್ಟಲೆ ಹಿಡಿಸ್ತದಲ್ಲ ಅಂದ್ರು.

ಹೋದ ತಿಂಗಳು ಊರಿಗೆ ಹೋದಾಗ ಒಂದು ಐಡಿಯಾ ಬಂತು. ಅಪ್ಪನ ಕಾಮೆಂಟರಿನ ಮೊಬೈಲಲ್ಲಿ ರೆಕಾರ್ಡ್ ಮಾಡಿ ನನ್ನ ಮಗಳಿಗೆ ಇಟ್ಕೋಬೇಕು ಅಂತ. ಗೊತ್ತಾದ್ರೆ ಮಾತಾಡಲ್ಲ, ಹಂಗಾಗಿ ಫೋನನ್ನ ದಿಂಬಿನ ಪಕ್ಕ ಇಟ್ಟೆ. ಟೀವೀಲಿ ಆನೆಗಳು, ಅಪ್ಪನ ಫೇವರಿಟ್. ಇಪ್ಪತ್ತು ನಿಮಿಷದ ರೆಕಾರ್ಡಿಂಗ್. ಬೆಂಗಳೂರಿಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದ್ರೆ, ಹನ್ನೆರಡು ನಿಮಿಷ ಸೊಸೈಟಿಯೋರು ಹಾಲಿನ ಫ್ಯಾಟ್ ಕಮ್ಮಿ ಹಾಕ್ತಾವ್ರೆ ಅಂತ ಅವ್ವ ಮಾತಾಡಿದ್ದಾರೆ, ಮಿಕ್ಕಿದ್ದು ಫ್ಯಾನ್ ಸದ್ದು. ಆನೆ ಬಗ್ಗೆ ಅಪ್ಪನದ್ದು ಒಂದೇ ಮಾತಿದೆ, ಅದೂ ಹೋದ ವರ್ಷ ನಮ್ಮ ಬಾಳೆ ತಿಂದಿದ್ದು ನೆನಪಾಗಿ ಬೈದಿದ್ದು. ಮಗಳು ಅದನ್ನೇ ಐದು ಸಲ ಹಾಕಿಸ್ಕೊಂಡು ಕೇಳಿದಳು, ಈಗ ಸ್ಕೂಲಲ್ಲಿ ಯಾರಿಗಾದ್ರೂ ಅಂದುಬಿಡ್ತಾಳೇನೋ ಅಂತ ನನ್ನ ಹೆಂಡತಿಗೆ ಚಿಂತೆ.