ಇಟಾಲಿಯನ್ ಕ್ರಿಯಾಪದ: ಎಲ್ಲಿ ಒಡೆಯಬೇಕು, ಎಲ್ಲಿ ಒತ್ತಬೇಕು

ಇಟಲಿಗೆ ಓದಲು ತಯಾರಾಗುತ್ತಿರುವ ನಮ್ಮ ದಾವಣಗೆರೆ, ಚಿತ್ರದುರ್ಗದ ಹುಡುಗ ಹುಡುಗಿಯರಿಗಾಗಿ ಈ ಬರಹ.

ಮೊದಲು ಪದ ಒಡೆಯುವುದು, ಅಂದರೆ ಅದನ್ನು ಉಚ್ಚಾರಾಂಶಗಳೆಂಬ ತುಣುಕುಗಳಾಗಿ ಬಿಡಿಸುವುದು. ‘ಚಿತ್ರದುರ್ಗ’ವನ್ನು ಇಟಾಲಿಯನ್ ನಿಯಮದಂತೆ ಒಡೆದರೆ ಚಿ-ತ್ರ-ದುರ್-ಗ. ತ್ರ ಜೊತೆಯಾಗೇ ಉಳಿಯುತ್ತದೆ, ರ್ಗ ಬಿಡಿಯಾಗುತ್ತದೆ. ಹಾಗೆಯೇ ರಿ-ತ್ರೋ-ವೊ (ಮತ್ತೆ ಕಂಡುಕೊಳ್ಳುತ್ತೇನೆ), ಪರ್-ಲೊ (ಮಾತಾಡುತ್ತೇನೆ). ದ್ವಿತ್ವವಿದ್ದರೆ ನಡುವೆ ಒಡೆಯಬೇಕು: ಲೆಗ್-ಗೊ (ಓದುತ್ತೇನೆ). ‘ಸ’ಕಾರದ ಜೊತೆ ಮಾತ್ರ ಜಾಗ್ರತೆ. ಸಾಲಿನ ಕೊನೆಯಲ್ಲಿ ಪದ ಮುರಿದು ಬರೆಯುವಾಗ ಕ-ಪಿ-ಸ್ಕೊ (ಅರ್ಥಮಾಡಿಕೊಳ್ಳುತ್ತೇನೆ) ಎಂದೇ ಮುರಿಯಬೇಕು; ಉಚ್ಚಾರದಲ್ಲಿ ಮಾತ್ರ ಪಿ ಹ್ರಸ್ವ. ‘ಕಪೀಸ್ಕೊ’ ಎಂದು ಎಳೆಯಬಾರದು.

ಇನ್ನು ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳಬೇಕು ಎಂಬುದು. ಹೆಚ್ಚಿನವರು ಎಡವುವುದು ‘ಅವರು’ ರೂಪದಲ್ಲಿ. ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಎಂದು ಕಲಿತವರು ‘ಪರ್ಲಾನೊ’ ಎನ್ನುತ್ತಾರೆ. ಅದು ತಪ್ಪು. ‘ಅರೆ’ ಎಂದು ಮುಗಿಯುವ ಸಾಮಾನ್ಯ ಧಾತುಗಳ ವರ್ತಮಾನದಲ್ಲಿ ‘ಅವನು’ ರೂಪದ ಒತ್ತು ಎಲ್ಲಿದೆಯೋ ಅಲ್ಲೇ ಬಿಟ್ಟು ‘ನೊ’ ಸೇರಿಸಿ: ಪರ್-ಲ, ಪರ್-ಲ-ನೊ, ಎರಡರಲ್ಲೂ ಒತ್ತು ‘ಪರ್’ ಮೇಲೆ. ‘ವಾಸಿಸುತ್ತಾನೆ’ ಎಂಬುದಕ್ಕೆ ಅ-ಬಿ-ತ, ಒತ್ತು ಮೊದಲಿನ ‘ಅ’ ಮೇಲೆ. ಅ-ಬಿ-ತ-ನೊ ಆದಾಗಲೂ ಅಲ್ಲೇ, ಅಂದರೆ ಕೊನೆಯಿಂದ ನಾಲ್ಕನೆಯದು. ‘ನಾವು’, ‘ನೀವು’ ರೂಪಗಳಲ್ಲಿ ಒತ್ತು ಪ್ರತ್ಯಯಕ್ಕೆ ಸರಿಯುತ್ತದೆ: ಅ-ಬಿ-ತ್ಯಾ-ಮೊ, ಅ-ಬಿ-ತಾ-ತೆ. ಹಾಗಾಗಿ ನಾನು, ನೀನು, ಅವನು, ನಾವು, ನೀವು, ಅವರು ಎಂಬ ಆರು ರೂಪಗಳನ್ನು ಒಂದೇ ರಾಗದಲ್ಲಿ ಒಪ್ಪಿಸಬೇಡಿ; ಒತ್ತು ಬೀಳುವಲ್ಲಿ ಮೇಜು ತಟ್ಟುತ್ತಾ ಹೇಳಿ.

ಇಟಾಲಿಯನ್ ಬರಹದಲ್ಲಿ ಒತ್ತಿನ ಗುರುತು ಕಡ್ಡಾಯವಾಗಿ ಕಾಣುವುದು ಮುಖ್ಯವಾಗಿ ಅದು ಪದದ ಕೊನೆಯ ಸ್ವರಕ್ಕೆ ಬಿದ್ದಾಗ. ‘ಪರ್ಲೊ’ದಲ್ಲಿ ಮೊದಲ ಭಾಗ ಒತ್ತಿದರೆ ‘ಮಾತಾಡುತ್ತೇನೆ’, ಕೊನೆಯದನ್ನು ಒತ್ತಿದರೆ ‘ಮಾತಾಡಿದನು’. ಕೊನೆಯ ಸ್ವರಕ್ಕೆ ಒತ್ತು ಬಿದ್ದರೂ ಅದು ಹ್ರಸ್ವವೇ; ಎಳೆಯಬೇಡಿ. ಎಳೆತ ಸ್ಪಷ್ಟವಾಗಿ ಕೇಳುವುದು ಒತ್ತು ಕೊನೆಯಿಂದ ಎರಡನೆಯದಕ್ಕೆ ಬಿದ್ದು, ಆ ಭಾಗ ಸ್ವರದಲ್ಲೇ ಮುಗಿದಾಗ.

ಇಲ್ಲಿ ಕನ್ನಡದ ಕಿವಿ ದೊಡ್ಡ ಆಸ್ತಿ. ‘ಪರ್ಲೆರೇಮೊ’ ಎಂದರೆ ಮಾತಾಡುವೆವು. ‘ಪರ್ಲೆರೆಮ್ಮೊ’ ಎಂದರೆ ‘ಹಾಗಿದ್ದರೆ ಮಾತಾಡುತ್ತಿದ್ದೆವು’ ಎಂಬ ಷರತ್ತಿನ ಅರ್ಥ. ಮ, ಮ್ಮ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಬಂದಿದೆ, ಅದನ್ನು ಬಳಸಿಕೊಳ್ಳಿ.

‘ಎರೆ’ ಎಂದು ಮುಗಿಯುವ ಧಾತುಗಳಿಗೆ ಮಾತ್ರ ಅಡ್ಡದಾರಿಯಿಲ್ಲ. ವೆ-ದೇ-ರೆಯಲ್ಲಿ (ನೋಡು) ಒತ್ತು ನಡುವೆ, ಪ್ರೆಂ-ದೆ-ರೆಯಲ್ಲಿ (ತೆಗೆದುಕೊ) ಮೊದಲಿಗೆ. ನಿಘಂಟು ನೋಡಿ ಒಂದೊಂದಕ್ಕೂ ಗುರುತು ಹಾಕಿಕೊಳ್ಳಬೇಕು.