30 ಆಂಪ್‌ನ ಮನೆ

ಟ್ರೇಲರ್ ಮನೆ ಮುಂದೆ ಬಂದು ನಿಂತ ದಿನ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಬಸವನಗುಡಿಯಿಂದ ಟೆಕ್ಸಸ್‌ನ ಆಸ್ಟಿನ್‌ಗೆ ಬಂದು ಅವರಿಗೆ ಆಗಿನ್ನೂ ಇಪ್ಪತ್ತು ದಿನ. ಎಳೆದುಕೊಂಡು ಹೋಗುವ 25 ಅಡಿ ಉದ್ದದ ಮನೆಗಾಡಿ, ಮೇಲೊಂದು ಎಸಿ, ಹಿಂದುಗಡೆ ಮಕ್ಕಳಿಗೆ ಮಲಗುವ ಬಂಕ್. ಇದನ್ನು ಕೊಂಡಿದ್ದೇ ಅವರಿಗಾಗಿ. ಹಿಂದಿನ ಸಲ ಬಂದಾಗ ಮೋಟೆಲ್‌ಗಳಲ್ಲಿ ಬ್ರೆಡ್ಡು, ಹಣ್ಣು ತಿಂದೇ ದಿನ ಕಳೆದಿದ್ದರು. ಮೂರನೇ ಪ್ರವಾಸಕ್ಕೆ ನಾನು ಮನೇಲೇ ಇರ್ತೀನಿ ಅಂದುಬಿಟ್ಟರು. ಅಡುಗೆಮನೆ, ಬಚ್ಚಲು ಎರಡನ್ನೂ ಬೆನ್ನ ಹಿಂದೆ ಎಳೆದುಕೊಂಡು ಹೋದರೆ ಅವರೂ ನಮ್ಮ ಜೊತೆ ಬರುತ್ತಾರೆ ಅನ್ನೋದು ನಮ್ಮ ಆಸೆ.

ಎಲ್ಲಿ ನಿಲ್ಲಿಸುವುದು ಅಂತ ಹುಡುಕಲು ಕೂತಾಗಲೇ ಗೊತ್ತಾಗಿದ್ದು ಇದು ಸಣ್ಣ ಕೆಲಸ ಅಲ್ಲ ಅಂತ. ಕರೆಂಟು, ನೀರು, ಕೊಳೆನೀರು ಹೋಗುವ ಸೀವರ್ ಪೈಪು, ಈ ಮೂರೂ ಇದ್ದರೆ ಫುಲ್ ಹುಕಪ್. ಅಡುಗೆ ಮಾಡುವ ಸಂಸಾರಕ್ಕೆ ಮೂರೂ ಬೇಕೇ ಬೇಕು ಅಂತ ನಾನು ಪಟ್ಟು ಹಿಡಿದೆ. ಫೋನ್ ಮಾಡಿದ ಒಂದು ಕಡೆ 55 ವರ್ಷ ದಾಟಿದವರಿಗೆ ಮಾತ್ರ ಅಂದರು. ಇನ್ನೊಂದು ಕಡೆ ತಿಂಗಳ ಬಾಡಿಗೆಯವರೇ ತುಂಬಿದ್ದರು. ಮೂರನೆಯದರಲ್ಲಿ 'ಕುಟುಂಬಗಳಿಗೆ ಸ್ವಾಗತ' ಅಂತ ಈಜುಕೊಳದ ಫೋಟೋ ಜೊತೆ ಬರೆದಿತ್ತು. ಬುಕ್ ಮಾಡಿದೆ.

ಜೂನ್ ತಿಂಗಳು, 38 ಡಿಗ್ರಿ. ಜಾಗ ಹೆದ್ದಾರಿಗೆ ಅಂಟಿಕೊಂಡಂತಿತ್ತು. ಬೇಲಿಯ ಆಚೆ ರಾತ್ರಿಯಿಡೀ ಲಾರಿಗಳು. ಜಲ್ಲಿಕಲ್ಲಿನ ಮೇಲೆ ಒಂದರ ಪಕ್ಕ ಒಂದು ಟ್ರೇಲರ್. ಈಜುಕೊಳದ ಗೇಟಿಗೆ ಬೀಗ. ಅದನ್ನೆಲ್ಲ ಸಹಿಸಬಹುದಿತ್ತು, ಆದರೆ ಮಧ್ಯಾಹ್ನ ಎಲ್ಲರ ಎಸಿಗಳೂ ಒಟ್ಟಿಗೆ ಓಡುವಾಗ ನಮ್ಮ ಗಾಡಿಗೆ ಕರೆಂಟು ಕೊಡುವ ಪೆಡೆಸ್ಟಲ್ ಕಂಬದಲ್ಲಿ ವೋಲ್ಟೇಜ್ ಕುಸಿಯತೊಡಗಿತು. ವೋಲ್ಟೇಜ್ ಇಳಿದರೆ ಎಸಿಯ ಕಂಪ್ರೆಸರ್ ಹೆಚ್ಚು ಕರೆಂಟು ಎಳೆದು ಸುಟ್ಟುಹೋಗಬಹುದು. ಹಾಗಾಗಬಾರದು ಅಂತ ನಾವು ಹಾಕಿಸಿದ್ದ ರಕ್ಷಣೆಯ ಸಾಧನ 104 ವೋಲ್ಟ್‌ಗಿಂತ ಕೆಳಗೆ ಇಳಿದಾಗೆಲ್ಲ ಲೈನ್ ಕಡಿಯುತ್ತಿತ್ತು. ಸಂಜೆ ಏಳರವರೆಗೂ ಎಸಿ ಬರೋದು, ಹೋಗೋದು. ಅತ್ತೆ ಒದ್ದೆ ಟವೆಲ್ ಕತ್ತಿನ ಮೇಲೆ ಹಾಕಿಕೊಂಡು ಕೂತಿದ್ದರು. ಅವರನ್ನು ಎಂಥ ಕಡೆ ಕರೆದುಕೊಂಡು ಬಂದೆವಲ್ಲ ಅಂತ ನನಗೆ ಅಳುವೇ ಬಂತು.

ಅಲ್ಲಿ ಒಬ್ಬರ ಉಪಕಾರ ಮಾತ್ರ ಮರೆಯೋ ಹಾಗಿಲ್ಲ. ಪಕ್ಕದ ಟ್ರೇಲರ್‌ನಲ್ಲಿ ಕೆಲಸಕ್ಕೆ ಅಂತ ಬಂದು ವರ್ಷದಿಂದ ಇದ್ದ ಹಿರಿಯರೊಬ್ಬರು ನಮ್ಮ ಪೈಪು ನೋಡಿ ಓಡಿಬಂದರು. ನಾವು ಟಾಯ್ಲೆಟ್ ಟ್ಯಾಂಕಿನ ವಾಲ್ವ್ ತೆರೆದೇ ಇಟ್ಟಿದ್ದೆವು. ಹಾಗೆ ಬಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ತಳದಲ್ಲಿ ಗುಡ್ಡೆ ಕಟ್ಟುತ್ತದಂತೆ. ಟ್ಯಾಂಕ್ ತುಂಬುವವರೆಗೆ ಮುಚ್ಚಿಡಿ. ಖಾಲಿ ಮಾಡುವಾಗ ಮೊದಲು ಟಾಯ್ಲೆಟ್ಟಿನದು, ಆಮೇಲೆ ಸಿಂಕಿನ ನೀರು, ಅದೇ ಪೈಪನ್ನು ತೊಳೆದುಬಿಡುತ್ತೆ ಅಂತ ಇವರಿಗೆ ಕೈಹಿಡಿದು ಕಲಿಸಿದರು. ಒಳಗೆ ನೀರು ಜಾಸ್ತಿ ಬಿದ್ದಷ್ಟೂ ಒಳ್ಳೆಯದು ಅಂದಾಗ ಅತ್ತೆಗೆ ದೊಡ್ಡ ಸಮಾಧಾನ. ಚೊಂಬು ಹಿಡಿದು ಹೋಗಲು ಬೆಳಿಗ್ಗೆಯಿಂದ ಸಂಕೋಚಪಡುತ್ತಿದ್ದರು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅತ್ತೆ ಹೇಳಿದರು: "ಮಕ್ಕಳು ಕಾಲಿಡೋಕೆ ಜಾಗ ಇಲ್ಲದ ಮೇಲೆ ಪೈಪು ಮೂರಿದ್ರೇನಮ್ಮ, ನೂರಿದ್ರೇನು?"

ಆ ಮಾತು ಕೇಳಿದ ಮೇಲೆ ನಾನು ಹುಡುಕುವ ರೀತಿಯನ್ನೇ ಬದಲಾಯಿಸಿದೆ. ಸೀವರ್ ಆಸೆ ಬಿಟ್ಟೆ. ಟೆಕ್ಸಸ್‌ನ ಸ್ಟೇಟ್ ಪಾರ್ಕ್‌ಗಳಲ್ಲಿ ನೀರು, ಕರೆಂಟು ಎರಡೂ ಇರುವ, ಗಾಡಿ ನಿಲ್ಲಿಸುವ ಸೈಟುಗಳು ಬೇಕಾದಷ್ಟಿವೆ. ಹೊರಡುವಾಗ ಡಂಪ್ ಸ್ಟೇಷನ್‌ನಲ್ಲಿ ಟ್ಯಾಂಕ್ ಖಾಲಿ ಮಾಡಿಕೊಂಡರೆ ಆಯಿತು. ಆದರೆ ಬುಕಿಂಗ್ ಐದು ತಿಂಗಳು ಮುಂಚೆಯೇ ತೆರೆಯುತ್ತದೆ, ವಾರಾಂತ್ಯಗಳೆಲ್ಲ ಆಗಲೇ ಹೋಗಿಬಿಟ್ಟಿದ್ದವು. ಯಾರಾದರೂ ರದ್ದು ಮಾಡುತ್ತಾರೇನೋ ಅಂತ ದಿನಾ ರಾತ್ರಿ ಪಾತ್ರೆ ತೊಳೆದ ಮೇಲೆ ನೋಡುತ್ತಿದ್ದೆ. ಏಳನೇ ವಾರ ಇಂಕ್ಸ್ ಲೇಕ್ ಅನ್ನುವ ಪಾರ್ಕಿನಲ್ಲಿ ಅಕ್ಟೋಬರ್ ಮೊದಲ ವಾರದ ಎರಡು ರಾತ್ರಿ ಸಿಕ್ಕಿತು. ಕಾರ್ಡ್ ನಂಬರ್ ಹಾಕುವ ಮೊದಲು ಪಾರ್ಕಿನ ನಕ್ಷೆ ತೆರೆದು ನೋಡಿದೆ: ಬಚ್ಚಲುಮನೆ ಎಷ್ಟು ದೂರ, ನಡುವೆ ಇಳಿಜಾರು ಇದೆಯಾ, ಮಕ್ಕಳು ಸೈಕಲ್ ತುಳಿಯುವ ರಸ್ತೆ ಅಲ್ಲೇ ಸುತ್ತಿ ಬರುತ್ತದೋ ಮುಖ್ಯರಸ್ತೆಗೆ ಸೇರುತ್ತದೋ. ಸೈಟಿನ ಉದ್ದ ನಮ್ಮ 25 ಅಡಿಗೆ ಸಾಲುತ್ತದಾ ಅಂತ ಇವರು ನೋಡಿದರು. ಸ್ಯಾಟಲೈಟ್ ಚಿತ್ರದಲ್ಲಿ ಮರದ ನೆರಳು ಯಾವ ಕಡೆ ಬೀಳುತ್ತೆ ಅನ್ನೋದನ್ನೂ ಬಿಡಲಿಲ್ಲ.

ಬರ್ನೆಟ್ ಊರು ದಾಟಿ ಗುಡ್ಡ ಇಳಿಯುವಾಗ ನೀರು ಕಂಡಿತು. ಕೊಲೊರಾಡೋ ನದಿಗೆ 1938ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿಂದಿನ ಕೆರೆ ಅದು. ಇದು ಟೆಕ್ಸಸ್‌ನೊಳಗೇ ಹರಿಯುವ ಕೊಲೊರಾಡೋ, ಗ್ರ್ಯಾಂಡ್ ಕ್ಯಾನ್ಯನ್‌ನದು ಬೇರೆ. ಇವರು ಮೂರನೇ ಪ್ರಯತ್ನಕ್ಕೆ ಗಾಡಿಯನ್ನು ಹಿಂದಕ್ಕೆ ಸರಿಯಾಗಿ ಕೂರಿಸಿದರು. ಮಕ್ಕಳು ಚಕ್ರಕ್ಕೆ ಅಡ್ಡಗಟ್ಟೆ ಇಡುವ ಮೊದಲೇ ಸೈಕಲ್ ಹತ್ತಿದ್ದರು.

ಸಂಜೆ ಚಟ್ನಿಗೆ ಮಿಕ್ಸಿ ಹಾಕಿದೆ, ಪಟ್ ಅಂತ ಎಲ್ಲ ಕತ್ತಲು. ಆಗ ಕೂತು ಲೆಕ್ಕ ಹಾಕಿದೆವು. 30 ಆಂಪ್, 120 ವೋಲ್ಟ್ ಅಂದರೆ ಒಟ್ಟು 3,600 ವಾಟ್. ಎಸಿಗೆ ಸುಮಾರು 13 ಆಂಪ್, ಇಂಡಕ್ಷನ್ ಒಲೆ ಜೋರಾಗಿಟ್ಟರೆ 15, ಅಲ್ಲಿಗೇ 28. ಮಿಕ್ಸಿಗೆ ಜಾಗ ಎಲ್ಲಿ? ಅವತ್ತಿನಿಂದ ನಮ್ಮ ನಿಯಮ ಇದು: ಕುಕ್ಕರ್ ಗ್ಯಾಸಿಗೆ, ಮಿಕ್ಸಿ ತಿರುಗುವಾಗ ಇಂಡಕ್ಷನ್ ಬಂದ್.

ನನಗೆ ಭಯ ಇದ್ದದ್ದು ಸಿಂಕಿನ ಟ್ಯಾಂಕಿನದು. ಹಿಡಿಯೋದು 30 ಗ್ಯಾಲನ್, ಅಂದರೆ 113 ಲೀಟರ್ ಅಷ್ಟೇ. ತುಂಬಿತು ಅಂತ ನೆಲಕ್ಕೆ ಬಿಡುವಂತಿಲ್ಲ. ಆ ಜವಾಬ್ದಾರಿಯನ್ನು ಅತ್ತೆ ತಾವೇ ತೆಗೆದುಕೊಂಡರು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೆಂಗಳೂರಿನಲ್ಲಿ ನಲವತ್ತು ವರ್ಷ ಸಂಸಾರ ತೂಗಿಸಿದವರು ಅವರು. ಅಕ್ಕಿ ತೊಳೆದ ನೀರಿನಲ್ಲಿ ತಟ್ಟೆಯ ಮೊದಲ ಸುತ್ತು, ಎಣ್ಣೆ ಬಾಣಲೆಗೆ ಮೊದಲು ಪೇಪರ್, ತೊಳೆಯಲು ಎರಡೇ ಬೋಗುಣಿ. ನಾವೆಲ್ಲ ಸ್ನಾನಕ್ಕೆ ಪಾರ್ಕಿನ ಬಚ್ಚಲಿಗೆ ಹೋದೆವು. ಭಾನುವಾರ ಬೆಳಿಗ್ಗೆ ನೋಡಿದರೆ ಮೀಟರ್ ಮೂರರಲ್ಲಿ ಎರಡು ಭಾಗವನ್ನೂ ದಾಟಿರಲಿಲ್ಲ. ಅಂಥ ಗೃಹಿಣಿ ಜೊತೆಗಿದ್ದರೆ ಮೂರನೇ ಪೈಪು ಬೇಕಿಲ್ಲ.

ಶನಿವಾರ ಮಧ್ಯಾಹ್ನ ಡೆವಿಲ್ಸ್ ವಾಟರ್‌ಹೋಲ್ ಅನ್ನುವ ಕೊಲ್ಲಿಗೆ ಹೋದೆವು. ಸುತ್ತ ನಸುಗೆಂಪು ಬಂಡೆ. ಮಕ್ಕಳು ನೀರಿಗಿಳಿದರು, ಅತ್ತೆ ಬಂಡೆ ಮೇಲೆ ಕೂತು ಅಂಗೈಯಿಂದ ಅದನ್ನು ಸವರಿದರು.

"ಲಾಲ್‌ಬಾಗ್ ಬಂಡೆ ಇದ್ದ ಹಾಗೇ ಇದೆ ಅಲ್ವೇನೋ?"

"ಇದೂ ನೈಸ್ ಅನ್ನೋ ಜಾತಿಯ ಶಿಲೆಯೇ ಅಮ್ಮ," ಅಂದರು ಇವರು. "ನೂರು ಕೋಟಿ ವರ್ಷಕ್ಕಿಂತ ಹಳೇದು. ಲಾಲ್‌ಬಾಗ್‌ದು ಮುನ್ನೂರು ಕೋಟಿ."

"ಹಾಗಾದ್ರೆ ನಮ್ಮದೇ ಅಕ್ಕ," ಅಂದು ಅತ್ತೆ ಕಾಲು ಚಾಚಿ ಕೂತರು. ಮಂಡಿ ನೋವಿನ ಬಗ್ಗೆ ಆ ಎರಡು ದಿನ ಒಂದು ಮಾತೂ ಆಡಲಿಲ್ಲ. ರಾತ್ರಿ ಜಿಂಕೆಗಳು ಸೈಟಿನ ಅಂಚಿಗೇ ಬಂದಾಗ ಮಗಳು ಅಜ್ಜಿಯನ್ನು ಮೆಲ್ಲಗೆ ಎಬ್ಬಿಸಿದಳು. ಇಬ್ಬರೂ ಬಂಕಿನ ಕಿಟಕಿಗೆ ಹಣೆ ಒತ್ತಿಕೊಂಡು ಎಷ್ಟೋ ಹೊತ್ತು ನೋಡಿದರು.

ತಿಂಗಳ ಕೊನೆಗೆ ಅತ್ತೆ ಬೆಂಗಳೂರಿಗೆ ಹೊರಟರು. ಮತ್ತೆ ಬರೋದು ಏಪ್ರಿಲ್‌ಗೆ, ಅಂದರೆ ಬುಕಿಂಗ್ ತೆರೆಯೋದು ನವೆಂಬರ್‌ನಲ್ಲಿ. ಆ ದಿನ ಲ್ಯಾಪ್‌ಟಾಪ್ ಮುಂದೆ ನಾನು ಕೂತಿದ್ದೆ, ಪಕ್ಕದಲ್ಲಿ ಫೋನ್ ನಿಲ್ಲಿಸಿ ವಿಡಿಯೋ ಕಾಲ್‌ನಲ್ಲಿ ಅವರು. ನಕ್ಷೆಯನ್ನು ಕ್ಯಾಮೆರಾಗೆ ಹಿಡಿದೆ. ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ನೋಡಿದರು.

"ನೀರಿನ ಪಕ್ಕದ್ದೇ ನೋಡಮ್ಮ. ಮರ ಇರಲಿ. ಈ ಸಲ ಮೂರು ರಾತ್ರಿ ಹಾಕು, ಟ್ಯಾಂಕು ನಾನು ನೋಡ್ಕೋತೀನಿ."