ಎರಡೇ ಕೈಯ ಕಡಲಭೂತ

ಕಾಸಿಲ್ಲದ ಕಡಲಭೂತದ ಚಿತ್ರ ಅಂದಮೇಲೆ, ಶೂಟಿಂಗ್ ದಿನ ಬೆಳಗ್ಗೆ ಮೊದಲು ಇತ್ಯರ್ಥ ಆಗಬೇಕಾದದ್ದು ಭೂತಕ್ಕೆ ಎಷ್ಟು ಕೈ ಎಂಬುದು. ಒಂದೊಂದು ಕೈಯ ದಾರ ಎಳೆಯಲು ಇಬ್ಬರು ಬೇಕು. ಎಂಟು ಕೈ ಎಂದರೆ ಹದಿನಾರು ಜನ, ಹದಿನಾರು ಊಟ. ಎರಡು ಸಾಕು. 1955ರ ‘ಇಟ್ ಕೇಮ್ ಫ್ರಮ್ ಬಿನೀತ್ ದ ಸೀ’ಯ ಆಕ್ಟೋಪಸ್‌ಗೆ ಅದರ ಟ್ರಿಕ್ ದೃಶ್ಯಗಳನ್ನು ಮಾಡಿದ ರೇ ಹ್ಯಾರಿಹೌಸನ್ ದುಡ್ಡು ಉಳಿಸಲೆಂದು ಆರೇ ಕೈ ಕೊಟ್ಟಿದ್ದರು. ಫ್ರೇಮಿಗೆ ಒಂದರ ಹಿಂದೊಂದು ಬರುತ್ತಿದ್ದರೆ ಎಣಿಸುತ್ತ ಕೂರುವವರು ಕಮ್ಮಿ.

ಇಡೀ ದಿನದ ಗುದ್ದಾಟ ನೀರಿನ ಜೊತೆಗೆ. ಹಾಸಿಗೆಯ ಸ್ಪಂಜಿನಲ್ಲಿ ಮಾಡಿದ ಎರಡು ಮೀಟರಿನ ಕೈ, ಬುಡದಲ್ಲಿ 20 ಸೆಂ.ಮೀ., ತುದಿಯಲ್ಲಿ 4 ಸೆಂ.ಮೀ. ದಪ್ಪದ್ದು, 20 ಲೀಟರಿಗೂ ಮೇಲೆ ನೀರು ಕುಡಿಯುತ್ತದೆ. ಮೊದಲ ಟೇಕಿಗೆ ತೇಲುತ್ತದೆ, ಮೂರನೆಯದಕ್ಕೆ ಮುಳುಗುತ್ತದೆ. ನೀರೊಳಗಿದ್ದಾಗ ಆ ಭಾರ ಗೊತ್ತೇ ಆಗುವುದಿಲ್ಲ; ಮೇಲೆತ್ತುವಾಗ ದಾರ ಕಿತ್ತುಬರುತ್ತದೆ. ಅದಕ್ಕೇ ತಿರುಳಿಗೆ ನೀರು ಹೀರದ ಫೋಮ್ ಕೊಳವೆ, ಈಜುಕೊಳದಲ್ಲಿ ಮಕ್ಕಳು ಹಿಡಿದು ತೇಲುತ್ತಾರಲ್ಲ, ಅದು. ಮೇಲೆ ತೆಳ್ಳನೆ ಸ್ಪಂಜು, ಅದರ ಮೇಲೆ ಲೇಟೆಕ್ಸ್, ಅಂದರೆ ದ್ರವ ರಬ್ಬರ್, ನಾಲ್ಕು ಕೋಟು, ಒಂದು ಒಣಗಿದ ಮೇಲೆ ಇನ್ನೊಂದು. ಹೊಟ್ಟೆಯ ಕಡೆ ಗೇಣಿಗೊಂದು ತೂತು, ನೀರು ಬಸಿದುಹೋಗಲಿ ಅಂತ. ಈಗ ಉಲ್ಟಾ ತೊಂದರೆ: ಕೈ ಮುಳುಗುವುದೇ ಇಲ್ಲ. ಬುಡಕ್ಕೆ ಬಲೆಯ ಸೀಸದ ಗುಂಡು ಕಟ್ಟಿ.

ಭೂತದ ಮೈಯ ಲೊಳೆಗೆ ಲೀಟರ್ ನೀರಿಗೆ 20 ಗ್ರಾಂ ಮೀಥೈಲ್ ಸೆಲ್ಯುಲೋಸ್, ನೀರನ್ನು ಗಟ್ಟಿಯಾಗಿಸುವ ಪುಡಿ. ಮೊದಲು ನೀರಿನ ಮೂರನೇ ಒಂದು ಪಾಲನ್ನಷ್ಟೇ ಕುದಿಸಿ, ಪುಡಿಯನ್ನೆಲ್ಲ ಅದಕ್ಕೆ ಉದುರಿಸಿ ಕದಡಿ, ಉಳಿದ ಪಾಲನ್ನು ತಣ್ಣೀರಿನಿಂದ ತುಂಬಿಸಿ, ರಾತ್ರಿಯೆಲ್ಲ ಬಿಡಬೇಕು. ನೇರ ತಣ್ಣೀರಿಗೆ ಸುರಿದರೆ ಗಂಟು ಗಂಟು. ಕೈ ನೀರಿಂದ ಎದ್ದ ಮೇಲೆಯೇ ಬಳಿಯಿರಿ, ಇಲ್ಲವಾದರೆ ಅಲೆಗೇ ಅಭಿಷೇಕ. ದಾರ ಎಳೆಯುವವರ ಕಾಲ ಬಳಿ ಒಂದು ಹನಿಯೂ ಬೀಳಬಾರದು.

ನಟನ ಕಾಲಿಗೆ ಕೈ ಸುತ್ತಿಕೊಳ್ಳುವ ಶಾಟನ್ನು ಹಿಂದುಮುಂದಾಗಿ ತೆಗೆಯುವುದೇ ಸುಲಭ: ಮೂರು ಸುತ್ತು ಸುತ್ತಿಟ್ಟು, ರೊಯ್ಯನೆ ಎಳೆದು, ಎಡಿಟಿಂಗಿನಲ್ಲಿ ತಿರುಗಿಸುವುದು. ಒಣನೆಲದ ಮೇಲೆ ಮಾಡಿ; ಚಿಮ್ಮಿದ ಹನಿಗಳು ವಾಪಸ್ ಕಡಲಿಗೆ ಹಾರಿದರೆ ಗುಟ್ಟು ರಟ್ಟು. ನಟನಿಗೆ ಮಾತ್ರ ಇದು ಕಷ್ಟ. ಕಿರುಚುತ್ತ ಶುರುಮಾಡಿ, ಏನೂ ಆಗದವನ ಹಾಗೆ ಮುಗಿಸಬೇಕು. ಅವನು ನಕ್ಕರೆ ದೃಶ್ಯ ಸತ್ತಿತು. ನಗುವುದು ನೋಡುವವರ ಕೆಲಸ. ಕಮ್ಮಿ ಕಾಸಿನ ಚಿತ್ರಗಳ ನಿರ್ದೇಶಕ ರೋಜರ್ ಕಾರ್ಮನ್‌ರ ನಗೆಚಿತ್ರ ‘ಕ್ರೀಚರ್ ಫ್ರಮ್ ದ ಹಾಂಟೆಡ್ ಸೀ’ಯಲ್ಲಿ (1961) ಭೂತದ ಕಣ್ಣು ಟೆನಿಸ್ ಚೆಂಡು, ಪಾಪೆ ಪಿಂಗ್‌ಪಾಂಗ್ ಚೆಂಡು. ಅಂಥ ಕಣ್ಣಿಗೆ ನಿಜವಾಗಿ ಹೆದರುವವನು ಎದುರಿಗಿದ್ದರೇನೇ ತಮಾಷೆ.

ಪುಟ್ಟ ಮಾದರಿ ದೋಣಿಯ ಸುತ್ತಲ ನೀರು ನಿಜವಾದ ಕಡಲಿನಂತೆ ನಿಧಾನವಾಗಿ ಕದಲಬೇಕಾದರೆ ಚಿತ್ರೀಕರಣ ವೇಗವಾಗಿರಬೇಕು: ಮಾದರಿ ನಿಜದ ನಾಲ್ಕನೇ ಒಂದರಷ್ಟಿದ್ದರೆ ಸೆಕೆಂಡಿಗೆ 24ರ ಬದಲು 48 ಫ್ರೇಮ್, ಹದಿನಾರನೇ ಒಂದರಷ್ಟಿದ್ದರೆ 96. ಆದರೂ ಹನಿ ಚಿಕ್ಕದಾಗುವುದಿಲ್ಲ. ದೋಣಿಯ ಕಿಟಕಿಯಷ್ಟೇ ದೊಡ್ಡ ಹನಿ ಕಂಡರೆ ಕತ್ತರಿ ಹಾಕಿ.

ಸಂಜೆ ಪ್ಯಾಕಪ್ ಅಂದಕೂಡಲೇ ಎಲ್ಲರೂ ಚಹಾದ ಕಡೆ ಓಡುತ್ತಾರೆ. ಯಾರಾದರೊಬ್ಬರು ಉಳಿದು ಕೈಗಳನ್ನು ಸಿಹಿನೀರಲ್ಲಿ ತೊಳೆದು, ತುದಿ ಕೆಳಗಾಗಿ ತೂಗುಹಾಕಿ, ಒಣಗಿದ ಮೇಲೆ ಟಾಲ್ಕಂ ಪೌಡರ್ ಬಳಿಯಬೇಕು. ಬಳಿಯದೆ ಒಂದರ ಮೇಲೊಂದು ಇಟ್ಟರೆ ಲೇಟೆಕ್ಸಿಗೆ ಲೇಟೆಕ್ಸ್ ಅಂಟಿ, ಮರುದಿನ ಭೂತಕ್ಕೆ ಒಂದೇ ಕೈ.